ಅಕ್ಕೋರ ಮ್ಯಾಕ್ರೊ

ಹೋದ ತಿಂಗಳು ಅಕ್ಕೋರ ಬೀಳ್ಕೊಡುಗೆ ಸಮಾರಂಭದಲ್ಲಿ ನಾನೂ ನಾಲ್ಕು ಮಾತಾಡಿದೆ. ಕಾರ್ಖಾನೆಯ ಕ್ಯಾಂಟೀನಿನಲ್ಲೇ ಕಾರ್ಯಕ್ರಮ. "ಅಕ್ಕೋರು ಮೊದಲ ಸಲ ಕಂಪ್ಯೂಟರಿನಲ್ಲಿ ಮ್ಯಾಕ್ರೊ ರೆಕಾರ್ಡ್ ಮಾಡಿದಾಗ, ಅದು ಒತ್ತಿದ ಕೀಲಿಗಳ ಜೊತೆ ನಮ್ಮ ಮಾತನ್ನೂ ಹಿಡಿದುಕೊಳ್ಳುತ್ತದೆ ಎಂದು ತಿಳಿದು ಇಡೀ ಆಫೀಸನ್ನು ಸುಮ್ಮನಿರಿಸಿದ್ದರು" ಎಂದು ಶುರು ಮಾಡಿದೆ. ಜನ ನಕ್ಕರು. ಕೊರಳಲ್ಲಿ ಹಾರ ಹಾಕಿಕೊಂಡು ವೇದಿಕೆಯ ಮೇಲೆ ಕೂತಿದ್ದ ಅಕ್ಕೋರು ಅಲ್ಲಿಂದಲೇ ಕೂಗಿದರು:

"ಸುಳ್ಳ ಹೇಳಬ್ಯಾಡ್ರಿ! ನನಗ ಎಲ್ಲಾ ಗೊತ್ತಿತ್ತು. ನಿಮ್ಮ ಬಾಯಿ ಬಂದ್ ಆಗ್ಲಿ ಅಂತ ಹಂಗ ಹೇಳಿದ್ದೆ!"

ಈಗ ಜನ ಇನ್ನೂ ಜೋರಾಗಿ ನಕ್ಕರು. ನಾನು ಮಾತು ಮುಗಿಸಿ ಕೂತೆ. ಆದರೆ ಅಂದಿನಿಂದ ತಲೆಯಲ್ಲಿ ಅದೇ ಹುಳ. ಯಾವುದು ನಿಜ? ಮನೆಗೆ ಬಂದು ದಿನಚರಿ ತೆಗೆದು ನೋಡಿದೆ. ಆ ದಿನದ ಕೆಳಗೆ ನಾನು ಬರೆದದ್ದು ಇಷ್ಟೇ: "ಮಳೆ. ಗಿರ್ಮಿಟ್ ಹೆಚ್ಚಾಯಿತು." ವರ್ಷಗಟ್ಟಲೆ ದಿನಚರಿ ಬರೆಯುವವನು ಬೇಕಾದ ದಿನ ಚುರುಮುರಿ ತಿಂದ ಹೊಟ್ಟೆಯ ವಿಷಯ ಬರೆದು ಮಲಗಿದ್ದಾನೆ. ಹಾಗಾಗಿ ಇಲ್ಲಿ ಹೇಳುವುದನ್ನು ಓದುಗರು ತುಸು ಕೈ ಹಿಡಿದೇ ನಂಬಬೇಕು. ನಾನೂ ಹಾಗೇ ನಂಬುತ್ತೇನೆ.

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ನೀರಿನ ಪಂಪುಗಳ ಬಿಡಿಭಾಗ ಮಾಡುವ ಕಾರ್ಖಾನೆ ನಮ್ಮದು. ಅದರ ಆಫೀಸಿನ ಒಂದು ಮೂಲೆಯಲ್ಲಿ ನಾವಿಬ್ಬರು. ಪತ್ರ, ಸುತ್ತೋಲೆ, ಕೈಪಿಡಿ, ಗೋಡೆಗೆ ಅಂಟಿಸುವ ಸೂಚನೆ, ಅಕ್ಷರದಲ್ಲಿ ಇರುವುದೆಲ್ಲ ನಮ್ಮ ಪಾಲು. ಅವರು ಹಿರಿಯರು, ನಾನು ಎಷ್ಟೋ ವರ್ಷ ಆಮೇಲೆ ಬಂದವನು. ಕಾರ್ಖಾನೆ ಸೇರುವ ಮೊದಲು ಅವರು ಧಾರವಾಡದ ಒಂದು ಪ್ರಾಥಮಿಕ ಶಾಲೆಯಲ್ಲಿ ಸ್ವಲ್ಪ ದಿನ ಪಾಠ ಮಾಡಿದ್ದರಂತೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಶಾಲೆ ಬಿಟ್ಟರೂ ಹೆಸರು ಬಿಡಲಿಲ್ಲ. ಮ್ಯಾನೇಜರರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅಕ್ಕೋರು. ನಾನು ಕನ್ನಡ ಎಂ.ಎ. ಮಾಡಿದವನೆಂದು ಗೊತ್ತಾದ ದಿನದಿಂದ ಅವರಿಗೆ ನಾನು 'ಎಂ.ಎ. ಸಾಹೇಬ್ರು'. ಅದರಲ್ಲಿ ಗೌರವ ಎಷ್ಟು, ಚೇಷ್ಟೆ ಎಷ್ಟು ಎಂದು ಇಂದಿಗೂ ಲೆಕ್ಕ ಸಿಕ್ಕಿಲ್ಲ.

ಅವರು 'ರಿ' ಹಚ್ಚದೆ ಯಾರನ್ನೂ ಮಾತಾಡಿಸಿದ್ದು ನಾನು ಕೇಳಿಲ್ಲ. ಮನುಷ್ಯರಿಗಷ್ಟೇ ಅಲ್ಲ. ಬೆಳಿಗ್ಗೆ ಬಂದು ಕಂಪ್ಯೂಟರಿನ ಗುಂಡಿ ಒತ್ತಿ, "ಏಳ್ರಿ, ಬೆಳಗಾತು" ಎನ್ನುವರು. ಪ್ರಿಂಟರ್ ಕಾಗದ ನುಂಗಿ ನಿಂತರೆ, "ಯಾಕ್ರಿ, ಯಾರ ಏನಂದ್ರು?" ಎಂದು ಅದರ ಬೆನ್ನು ತಟ್ಟುವರು. ತುರುಬಿನಲ್ಲಿ ಸದಾ ಒಂದು ಪೆನ್ನು ಸಿಕ್ಕಿಸಿಕೊಂಡಿರುತ್ತಿದ್ದರು. ಟೇಬಲ್ಲಿನ ಮೇಲೆಲ್ಲ ಅದನ್ನೇ ಹುಡುಕುತ್ತಿದ್ದರು. ಇನ್ನೊಂದು ರೂಢಿ: ಯಾವ ಸೂಚನೆಯನ್ನು ಟೈಪ್ ಮಾಡಿದರೂ ಎದ್ದು ನಿಂತು, ತರಗತಿಗೆ ಓದಿ ಹೇಳುವಂತೆ ಗಟ್ಟಿಯಾಗಿ ಒಮ್ಮೆ ಓದಿ, ಆಮೇಲೆಯೇ ಗೋಡೆಗೆ ಕಳಿಸುವರು. ಕ್ಯಾಂಟೀನಿನ ಊಟದ ವೇಳೆ ಬದಲಾದದ್ದನ್ನು ಅವರು ಓದಿದರೆ ಯುದ್ಧ ಘೋಷಣೆಯಂತೆ ಕೇಳುತ್ತಿತ್ತು.

ಮ್ಯಾಕ್ರೊ ಅವರ ಬದುಕಿನಲ್ಲಿ ಬಂದದ್ದು ನಿವೃತ್ತಿಗೆ ಕೆಲವು ತಿಂಗಳಿರುವಾಗ. ಪ್ರತಿ ಪತ್ರದ ತಲೆಗೆ ಅದೇ ವಿಳಾಸ, ಅದೇ 'ಮಾನ್ಯರೇ', ಅದೇ 'ವಿಷಯ', ಅದೇ 'ಉಲ್ಲೇಖ'. ಅದನ್ನು ಬಡಿದು ಬಡಿದು ಬೇಸತ್ತ ಅವರು ಮೊಬೈಲಿನಲ್ಲಿ ಎಂಥದೋ ವಿಡಿಯೊ ನೋಡಿಕೊಂಡು ಬಂದರು.

"ಎಂ.ಎ. ಸಾಹೇಬ್ರ, ಒಂದ ಸಲ ನಾವ ಮಾಡಿ ತೋರಿಸೋದಂತ. ಅದು ನೋಡ್ಕೊಂಡು, ಮುಂದ ತಾನ ಮಾಡತೈತಂತ."

"ಯಾರ್ರಿ?"

"ಇವರ್ರಿ," ಎಂದು ಕಂಪ್ಯೂಟರಿನತ್ತ ಗೌರವದಿಂದ ಗದ್ದ ಎತ್ತಿದರು.

ನನಗೂ ಮ್ಯಾಕ್ರೊ ಎಂದರೆ ಗೊತ್ತಿರಲಿಲ್ಲ. ಇಬ್ಬರೂ ಪರದೆಗೆ ಮೂಗು ತಾಗಿಸಿ ಕೂತೆವು. 'ವ್ಯೂ' ಎಂಬ ಪಟ್ಟಿಯ ತುದಿಯಲ್ಲಿ ಮ್ಯಾಕ್ರೊ ಇತ್ತು, ಅದರೊಳಗೆ ರೆಕಾರ್ಡ್. ಹೆಸರು ಕೇಳಿತು. ಅಕ್ಕೋರು ಇಂಗ್ಲಿಷ್ ಅಕ್ಷರದಲ್ಲಿ 'ಪತ್ರದ ತಲಿ' ಎಂದು ಹೊಡೆದರು. ಹೆಸರಿನ ನಡುವೆ ಜಾಗ ಬಿಡಬಾರದೆಂದು ಅದು ತಕರಾರು ತೆಗೆಯಿತು. "ಕೂಡಿಸಿ ಬರೀಬೇಕಂತ. ಅವಿಭಕ್ತ ಕುಟುಂಬ," ಎಂದು ಕೂಡಿಸಿ ಬರೆದರು. ಸರಿ ಎಂದದ್ದೇ ತಡ, ಪರದೆಯ ಮೇಲಿನ ಬಾಣಕ್ಕೆ ಒಂದು ಸಣ್ಣ ಕ್ಯಾಸೆಟ್ಟಿನ ಚಿತ್ರ ಅಂಟಿಕೊಂಡಿತು.

ಆ ಕ್ಯಾಸೆಟ್ಟು ನೋಡಿದಾಗ ಅಕ್ಕೋರ ಮುಖ ಅರಳಿದ್ದು ನನಗೆ ಖಂಡಿತ ನೆನಪಿದೆ. ಅವರ ತಂದೆ ಸಾಲಿ ಮಾಸ್ತರರು, ಜೊತೆಗೆ ಹಾಡುವವರು. ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಹಾಡುವ ದಿನ ಒಲೆಯ ಮೇಲಿನ ಕುಕ್ಕರ್ ಇಳಿಸಿ, ಬಾಗಿಲ ಚಿಲಕ ಹಾಕಿ, ಮಕ್ಕಳನ್ನೆಲ್ಲ ಹಿತ್ತಲಿಗೆ ಅಟ್ಟುತ್ತಿದ್ದರಂತೆ. ಅಕ್ಕೋರು ಕೈ ಮೇಲೆತ್ತಿದರು.

"ಟೇಪ್ ಹಚ್ಚೇನಿ! ಯಾರೂ ಉಸರ ಎತ್ತಬ್ಯಾಡ್ರಿ!"

ಲೆಕ್ಕಪತ್ರದವರು ಫೋನು ಕೆಳಗಿಟ್ಟರು. ಚಹಾ ತಂದವರು ಬಾಗಿಲಲ್ಲೇ ತಟ್ಟೆ ಹಿಡಿದು ನಿಂತರು. ಕೀಲಿಮಣೆಯ ಟಕಟಕ ಬಿಟ್ಟರೆ ಸದ್ದಿಲ್ಲ. ನಡುವೆ ಅಕ್ಕೋರು ಮೌಸಿನಿಂದ ಒಂದು ಸಾಲನ್ನು ಆರಿಸಲು ಹೋದರು. ರೆಕಾರ್ಡ್ ಆಗುವಾಗ ಮೌಸಿನಿಂದ ಅಕ್ಷರ ಆರಿಸಲು ಬರುವುದಿಲ್ಲ, ಕೀಲಿಗಳಿಂದಲೇ ಆಗಬೇಕು. ಅದು ನಮಗೇನು ಗೊತ್ತು. "ಇಲಿ ಸತ್ತೈತ್ರಿ," ಎಂದು ಅಕ್ಕೋರು ಪಿಸುಗುಟ್ಟಿದರು. ಪಿಸುಗುಟ್ಟಿದರು ಎಂಬುದನ್ನು ನಾನು ಗೆರೆ ಹಾಕಿ ಹೇಳುತ್ತೇನೆ. ಧ್ವನಿ ದಾಖಲಾಗುವುದಿಲ್ಲ ಎಂದು ಗೊತ್ತಿದ್ದರೆ ಪಿಸುಗುಟ್ಟುವುದೇಕೆ? ಅಥವಾ ಆ ಪಿಸುಮಾತು ನಾನೇ ಆಮೇಲೆ ಕತೆಗೆ ಸೇರಿಸಿಕೊಂಡದ್ದೋ? ಈ ಕತೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ಚಹಾದವರು ಬಾಗಿಲಲ್ಲಿ ಇನ್ನಷ್ಟು ಹೊತ್ತು ನಿಲ್ಲುತ್ತಾರೆ.

ಏನೇ ಇರಲಿ, ಕೆಲಸವಾಯಿತು. ಒಂದು ಕೀಲಿ ಒತ್ತಿದರೆ ಪತ್ರದ ತಲೆ ತಾನಾಗಿ ಮೂಡಿತು. ಅಕ್ಕೋರು ಎದ್ದು ನಿಂತು ಪರದೆಗೆ ಕೈ ಮುಗಿದರು. ಅವತ್ತಿನಿಂದ ಅವರ ಕೈ ನಿಲ್ಲಲಿಲ್ಲ. ತಮ್ಮ ಸಹಿಯ ಸಾಲುಗಳಿಗೊಂದು ಮ್ಯಾಕ್ರೊ ಮಾಡಿ, 'ಸಹಿ'ಗೆ ಎಸ್ ಸರಿಹೋಗುತ್ತದೆಂದು ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಅದಕ್ಕೆ ಕೊಟ್ಟರು. ಅದು ಕಡತ ಉಳಿಸುವ ಕೀಲಿ. ಅಕ್ಕೋರಿಗೋ ಎರಡು ಸಾಲು ಬರೆದರೆ ಒಮ್ಮೆ ಉಳಿಸುವ ಚಟ. ಬೋಲ್ಟು ಸರಬರಾಜು ಮಾಡುವವರಿಗೆ ಹೋದ ಪತ್ರದಲ್ಲಿ ಪ್ರತಿ ಪರಿಚ್ಛೇದದ ಕೆಳಗೂ 'ತಮ್ಮ ವಿಶ್ವಾಸಿ' ಬಂದಿತ್ತು. "ಇಷ್ಟ ವಿಶ್ವಾಸ ನಮ್ಮ ಮ್ಯಾಲೆ ಯಾರೂ ಇಟ್ಟಿಲ್ರಿ," ಎಂದು ಅವರು ಫೋನು ಮಾಡಿ ಹೇಳಿದರು. ಬೋಲ್ಟು ಮಾತ್ರ ಆ ಸಲ ಹೇಳಿದ ದಿನಕ್ಕೇ ಬಂದವು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ನಮ್ಮಲ್ಲೊಂದು ಸುರಕ್ಷತಾ ಕೈಪಿಡಿ ಇತ್ತು. ಬೇರೆ ಊರಿನಲ್ಲಿರುವ ಹೆಡ್ ಆಫೀಸಿನಲ್ಲಿ ಯಾರೋ ಅನುವಾದಿಸಿ ಕಳಿಸಿದ್ದು. ಅದರ ಹಾಳೆಗಳು ಗಿರ್ಮಿಟ್ ಕಟ್ಟಿಕೊಳ್ಳಲು ಚೆನ್ನಾಗಿದ್ದವು, ಆ ಮಟ್ಟಿಗೆ ಎಲ್ಲರೂ ಬಳಸುತ್ತಿದ್ದರು. ಅದರಲ್ಲೊಂದು ಸಾಲು: "ಚಲನಶೀಲ ಯಂತ್ರದ ಸಾಮೀಪ್ಯದಲ್ಲಿ ಶಿಥಿಲ ವಸ್ತ್ರ ಧರಿಸತಕ್ಕದ್ದಲ್ಲ." ಒಂದು ದಿನ ಗಬ್ಬೂರದಿಂದ ಬರುವ ನಮ್ಮ ಟರ್ನರ್ ಒಬ್ಬರ ಅಂಗಿಯ ತೋಳು ಅವರು ಲೋಹ ಕಡೆಯುವ ಲೇತಿಗೆ ಸಿಕ್ಕಿತು. ಪಕ್ಕದವರು ಗುಂಡಿ ಒತ್ತಿ ನಿಲ್ಲಿಸಿದ್ದರಿಂದ ಕೈ ಉಳಿಯಿತು, ಮುಂಗೈಗೆ ಹೊಲಿಗೆ ಬಿದ್ದವು. ವಿಚಾರಣೆಯಲ್ಲಿ ಮ್ಯಾನೇಜರರು, "ಕೈಪಿಡಿ ಓದಿಲ್ಲವೇ?" ಎಂದು ಗದರಿದರು.

"ಓದೀನ್ರಿ ಸರ. ಶಿಥಿಲ ಅಂಗಿ ಹಾಕ್ಕೋಬಾರದಂತ ಇತ್ತು. ಅದಕ್ಕ ಹಳೇ ಅಂಗಿ ಬಿಟ್ಟು ಹೊಸಾದು ಹಾಕ್ಕೊಂಡ ಬಂದಿದ್ನಿ."

ಹೊಸ ಅಂಗಿ. ಅಗಲ ತೋಳಿನದು, ತಂಗಿಯ ಮದುವೆಗೆ ಹೊಲಿಸಿದ್ದು.

ವಿಚಾರಣೆಯ ಟಿಪ್ಪಣಿ ಬರೆಯಲು ಕೂತಿದ್ದ ಅಕ್ಕೋರು ಪೆನ್ನು ಕೆಳಗಿಟ್ಟರು. ಹೊರಗೆ ಬಂದ ಮೇಲೆ ನನಗೆ ಹೇಳಿದರು, "ಸಡ್ಲ ಅಂತ ಬರೀಲಿಕ್ಕೆ ಏನ ರೋಗ ಬಂದಿತ್ತರಿ ಅವರಿಗೆ? ಒಂದ ಶಬ್ದಕ್ಕ ಮನಶ್ಯಾನ ಕೈ ಹೋಗತಿತ್ತು." ಅವರ ದನಿಯಲ್ಲಿ ತಮಾಷೆ ಇಲ್ಲದ್ದನ್ನು ನಾನು ಕೇಳಿದ್ದು ಅವತ್ತೇ. ನಿವೃತ್ತಿಯಾಗುವ ಮೊದಲು ಹೊಸ ಕೈಪಿಡಿ, ಲೇತಿನ ಮುಂದೆ ನಿಲ್ಲುವವರು ಆಡುವ ಮಾತಿನಲ್ಲೇ, ಅಚ್ಚಾಗಬೇಕು. ಆಗದಿದ್ದರೆ ತಮ್ಮ ಹಿಂದೆ ಬರುವವರು ಹಳೆಯದನ್ನೇ, ಆ 'ಶಿಥಿಲ'ದ ಸಮೇತ, ಮತ್ತೆ ಅಚ್ಚು ಹಾಕಿಸುತ್ತಾರೆ. ಇದು ಅವರ ಹಟವಾಯಿತು.

ಹಗಲೆಲ್ಲ ಕೂತು ಬರೆದರು. ಕೆಲವು ಸಾಲು ನನಗೆ ಬಾಯಿಪಾಠ. "ಅಂಗಿ ತೋಳ ಮಡಚ್ರಿ. ಸಡ್ಲ ಅಂಗಿ ಕಂಡ್ರ ಮಿಶನ್ನಿಗೆ ಭಾಳ ಪ್ರೀತಿ, ಹಿಡ್ಕೊಂತಂದ್ರ ಬಿಡಂಗಿಲ್ಲ." "ಸಾಲಿ ಹುಡುಗರಂಗ ಓಡಬ್ಯಾಡ್ರಿ." ಅವರಿಗೆ ಬಹಳ ಮೆಚ್ಚಿಗೆಯಾದ ಸಾಲು: "ಮುಂಜಾನೆ ಮನಿ ಬಿಟ್ಟಾಗ ಹತ್ತು ಬಳ್ಳ ಇದ್ದವು. ಸಂಜಿಕ ಮನಿಗೆ ಹತ್ತೂ ಬಳ್ಳ ತಗೊಂಡ ಹೋಗ್ರಿ." ಬಳ್ಳ ಎಂದರೆ ನಮ್ಮ ಕಡೆ ಬೆರಳು. ಪ್ರತಿ ಪುಟದ ನೆತ್ತಿಗೆ ದಪ್ಪಕ್ಷರದಲ್ಲಿ 'ಗಮನಿಸಿ' ಎಂದಿರಬೇಕೆಂಬುದು ಹೆಡ್ ಆಫೀಸಿನ ಕಟ್ಟಳೆ, ಅದನ್ನು ಹಾಗೇ ಇಟ್ಟರು.

ಹೆಡ್ ಆಫೀಸಿನಿಂದ ಉತ್ತರ ಬಂತು. ಗ್ರಾಮ್ಯ ಭಾಷೆ ಸಂಸ್ಥೆಯ ಘನತೆಗೆ ತಕ್ಕದ್ದಲ್ಲ; ಶಿಷ್ಟ ಭಾಷೆಗೆ ಪರಿವರ್ತಿಸಿ, ಕರಡನ್ನು ನಿಯಮದಂತೆ ಕಾರ್ಮಿಕರ ಮುಂದೆ ಪ್ರದರ್ಶಿಸಿ, ಅವರ ಸಲಹೆಗಳಿದ್ದರೆ ಅಳವಡಿಸಿ ಕಳಿಸತಕ್ಕದ್ದು.

"ಗ್ರಾಮ್ಯ ಅಂತ್ರಿ," ಎಂದರು ಅಕ್ಕೋರು. "ಧಾರವಾಡದಾಗ ಹುಟ್ಟಿ, ಧಾರವಾಡದಾಗ ಸಾಲಿ ಕಲಿಸಿದಾಕಿಗೆ ಗ್ರಾಮ್ಯ ಅಂತ." ಆ ದಿನ ಕಂಪ್ಯೂಟರನ್ನು ಮಾತಾಡಿಸಲಿಲ್ಲ. ಮರುದಿನ ಬಂದವರೇ, "ಟೇಪ್ ಹಚ್ಚತೇನಿ," ಎಂದರು.

ಅವರ ಯೋಜನೆ ಸರಳವಾಗಿತ್ತು. ಹುಡುಕಿ ಬದಲಿಸುವ ಕೆಲಸವನ್ನೇ ಸಾಲಾಗಿ ರೆಕಾರ್ಡ್ ಮಾಡುವುದು. ಮನಿ ಇದ್ದಲ್ಲಿ ಮನೆ. ತಲಿ ಇದ್ದಲ್ಲಿ ತಲೆ. ಸಾಲಿ ಇದ್ದಲ್ಲಿ ಶಾಲೆ, ಮಳಿ ಇದ್ದಲ್ಲಿ ಮಳೆ, ಬಳ್ಳ ಇದ್ದಲ್ಲಿ ಬೆರಳು. ಆ ಮ್ಯಾಕ್ರೊಗೆ 'ಶುದ್ಧ' ಎಂದು ಹೆಸರಿಟ್ಟರು. ಪೂರ್ತಿ ಪದ ಸಿಕ್ಕರೆ ಮಾತ್ರ ಬದಲಿಸು ಎಂದು ಹೇಳುವ ಸಣ್ಣ ಚೌಕವೊಂದಿತ್ತು. ಅದಕ್ಕೆ ಗುರುತು ಹಾಕೋಣವೇ ಎಂದು ಕೇಳಿದೆ.

"ಬ್ಯಾಡ್ರಿ. ಹಂಗ ಮಾಡಿದ್ರ ಮನಿಗೆ, ಮನಿಯಿಂದ, ಇವೆಲ್ಲ ಬಿಟ್ಟ ಹೋಗತಾವ," ಎಂದರು. ಮಾತು ಸರಿಯಾಗಿಯೇ ಇತ್ತು.

ಕೀಲಿ ಒತ್ತಿದರು. ಪುಟಗಳು ಒಮ್ಮೆ ಮಿಟುಕಿದವು. ಅಷ್ಟೇ. ಅಕ್ಕೋರು ಹಾಳೆಗಳನ್ನು ಅಚ್ಚು ತೆಗೆದು, ಪಿನ್ನಿನ ಡಬ್ಬಿ ಹಿಡಿದು, ತಾವೇ ಕ್ಯಾಂಟೀನಿಗೆ ಹೋಗಿ ಹಲಗೆಗೆ ಚುಚ್ಚಿ ಬಂದರು. ಎದ್ದು ನಿಂತು ಓದಲಿಲ್ಲ. ಇದನ್ನು ನೆನಪಿಡಿ, ನನಗೆ ಆಗ ಹೊಳೆಯಲಿಲ್ಲ.

ಚಹಾದ ಹೊತ್ತಿಗೆ ಕ್ಯಾಂಟೀನಿನಿಂದ ಎದ್ದ ಗದ್ದಲ ಕೇಳಿ ಜಗಳವೆಂದು ಓಡಿದೆ. ಹಲಗೆಯ ಮುಂದೆ ಜಾತ್ರೆ. ಪ್ರತಿ ಹಾಳೆಯ ತಲೆಯ ಮೇಲೆ, ದಪ್ಪಕ್ಷರದಲ್ಲಿ, 'ಗಮನೆಸಿ'.

ಗಮನಿಸಿಯ ಹೊಟ್ಟೆಯಲ್ಲಿದ್ದ ಮನಿಯನ್ನೂ ಮ್ಯಾಕ್ರೊ ಹುಡುಕಿ ಶುದ್ಧ ಮಾಡಿತ್ತು!

"ಗ ಅನ್ನೋರ ಮನೆ ಎಲ್ಲಿ ಬರತೈತಲೇ?" ಎಂದು ಯಾರೋ ಕೇಳಿದರು.

"ಸಿ ಅನ್ನೋರ ಬಾಜೂಕ!"

"ಇಲ್ಲೊಂದ ಸಿಕ್ತು ನೋಡ್ರಿ! ಲಾರಿ ಇಳಿಸೋವಾಗ ಶಾಲೆನ್ಯಾಗ ನಿಲ್ಲಬೇಕಂತ!" ಅದು ಸಾಲಿನ್ಯಾಗ ಎಂದಿದ್ದದ್ದು.

"ನಾ ಸಣ್ಣಾಂವ ಇದ್ದಾಗನ ಶಾಲ್ಯಾಗ ಬೆಂಚ್ ಮ್ಯಾಲೆ ನಿಂತ ಮುಗಿಸೇನಿ, ಈಗ ಮತ್ತ ನಿಲ್ಲಾಂಗಿಲ್ಲ."

ಕೈಗವಸನ್ನು ಸಾಮಾನಿನ ಮಳಿಗೆಯ ಬದಲು ಮಳೆಗೆಯಿಂದ ತರಬೇಕಿತ್ತು. ಕಬ್ಬಿಣ ಬರುವ ಬಳ್ಳಾರಿ ಊರು ಬೆರಳಾಗಿ, ಅದರ ದೀರ್ಘದ ಗುರುತು ಆಸರೆಯಿಲ್ಲದೆ ಪಕ್ಕದಲ್ಲಿ ತೂಗಾಡುತ್ತಿತ್ತು. ಕತ್ತಲಿ ಮಾತ್ರ ಒಳಗಿನ ತಲಿ ಬದಲಾಗಿ, ಯಾರೂ ಕೇಳದೆಯೇ ಕತ್ತಲೆಯಾಗಿ ಸರಿಹೋಗಿತ್ತು.

ನಕ್ಕು ನಕ್ಕು ಸುಸ್ತಾದವರು ಇನ್ನೊಂದು ತಪ್ಪಿಗಾಗಿ ಮುಂದಿನ ಹಾಳೆಗೆ ಹೋಗುತ್ತಿದ್ದರು. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕಿವಿಗೊಡುವುದು. ಕೈಯಲ್ಲಿನ ಚಹಾ ಆರುತ್ತಿತ್ತು. ನಮ್ಮ ಕಾರ್ಖಾನೆಯಲ್ಲಿ ಸುರಕ್ಷತೆಯ ಒಂದು ಸಾಲನ್ನು ಜನ ಸ್ವಂತ ಇಚ್ಛೆಯಿಂದ ಓದಿದ್ದನ್ನು ಅವತ್ತು ಮೊದಲು ಕಂಡೆ. ಗಬ್ಬೂರದ ಟರ್ನರ್ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಹಾಳೆಯ ಮೇಲೆಯೇ ತಿದ್ದಲು ಶುರು ಮಾಡಿದ್ದರು. ಶಾಲೆನ್ಯಾಗ ಹೊಡೆದು ಸಾಲಿನ್ಯಾಗ. ಮನೆಗೆ ಹೊಡೆದು ಮನಿಗೆ. ಬೆರಳಿನ ಸಾಲಿಗೆ ಬಂದಾಗ ಅವರು ಒಂದು ಗಳಿಗೆ ನಿಂತರು. ಹೊಲಿಗೆ ಹಾಕಿದ್ದ ಕೈಯಲ್ಲೇ ಪೆನ್ಸಿಲ್ ಇತ್ತು.

"ಬೆರಳು ಅಂದ್ರ ಸಾಹೇಬ್ರವು," ಎಂದರು. "ನಮ್ಮ ಕೈಯಾಗ ಇರೋವು ಬಳ್ಳ." ತಿದ್ದಿದರು. ಯಾರೂ ನಗಲಿಲ್ಲ.

ಮಿಕ್ಕವರೂ ಪೆನ್ಸಿಲ್ ಇಸಿದುಕೊಂಡು ಗೀಚಿದರು. ಸಂಜೆಯೊಳಗೆ ಹಾಳೆಗಳಲ್ಲಿ ಶುದ್ಧ ಜಾಗ ಉಳಿದಿರಲಿಲ್ಲ. ಅಕ್ಕೋರು ದೂರದ ಕಂಬಕ್ಕೆ ಒರಗಿ, ತುರುಬಿನ ಪೆನ್ನು ಮುಟ್ಟಿಕೊಳ್ಳುತ್ತ ನೋಡುತ್ತಿದ್ದರು. ಆಮೇಲೆ ಹಾಳೆಗಳನ್ನು ಬಿಚ್ಚಿ, ಸ್ಕ್ಯಾನ್ ಮಾಡಿ, 'ನಿಯಮದಂತೆ ಕಾರ್ಮಿಕರ ಸಲಹೆಗಳು' ಎಂಬ ವಿಷಯದೊಂದಿಗೆ ಹೆಡ್ ಆಫೀಸಿಗೆ ಕಳಿಸಿದರು. ಪತ್ರದ ತಲೆ ಒಂದೇ ಕೀಲಿಗೆ ಬಂತು. ಸಹಿಯೂ ಒಂದೇ ಸಲ ಬಂತು.

ಮರುದಿನ ಅಲ್ಲಿನ ಅಧಿಕಾರಿ ಫೋನು ಮಾಡಿದರು. ದಕ್ಷಿಣದ ಕಡೆಯವರು, ಮೆತ್ತಗಿನ ಮಾತು. ಅಕ್ಕೋರು ಸ್ಪೀಕರ್ ಹಾಕಿದರು.

"ಏನ್ ಮೇಡಂ ಇದು, ಗಮನೆಸಿ ಅಂತ?"

"ಶಿಷ್ಟ ಭಾಷಾ ಮಾಡಿದೆ ರಿ ಸರ. ಸ್ವಲ್ಪ ಹೆಚ್ಚಾತು."

"ಮತ್ತೆ ಈ ಪೆನ್ಸಿಲ್ ಬರಹ ಎಲ್ಲ?"

"ಕಾರ್ಮಿಕರ ಸಲಹಿ ರಿ. ಅಳವಡಿಸ್ರಿ ಅಂತ ನೀವ ಬರ್ದೀರಲ್ರಿ."

ಆ ಕಡೆ ಕಾಗದ ಮಗುಚುವ ಸದ್ದು. "ಇವರೇ ಬರೆದಿದ್ದಾರಾ? ಇಲ್ಲೀವರೆಗೂ ಒಂದು ಸಲಹೇನೂ ಬಂದಿರ್ಲಿಲ್ಲ ನಿಮ್ಮ ಕಡೆಯಿಂದ."

"ಚಹಾ ಆರೋತನಕ ನಿಂತ ಓದ್ಯಾರ್ರಿ ಸರ. ನಮ್ಮ ಮಂದಿ ಚಹಾ ಆರಸೋದು ಅಂದ್ರ ಸಣ್ಣ ಮಾತಲ್ಲ."

 ಅಧಿಕಾರಿ ನಕ್ಕರೆಂದು ನನ್ನ ನೆನಪು, ಕೆಮ್ಮಿದ್ದೂ ಇರಬಹುದು. "ಆಯ್ತು. ಅವರ ಮಾತಲ್ಲೇ ಇರ್ಲಿ. ಹೆಡಿಂಗ್ ಮಾತ್ರ ಸರಿಯಾಗಿ 'ಗಮನಿಸಿ' ಅಂತ ಹಾಕಿ ಮೇಡಂ, ದಮ್ಮಯ್ಯ."

ಫೋನಿಟ್ಟು ಅಕ್ಕೋರು ಮೂಲ ಕಡತ ತೆರೆದರು. ಮ್ಯಾಕ್ರೊ ಓಡಿಸುವ ಮೊದಲೇ ಅದನ್ನು ಬೇರೆ ಹೆಸರಿನಲ್ಲಿ ಜೋಪಾನವಾಗಿ ಉಳಿಸಿಟ್ಟಿದ್ದರು. ನನಗೆ ಅನುಮಾನ ಹುಟ್ಟಿದ್ದು ಅಲ್ಲಿಂದ. ಊಟದ ವೇಳೆಯ ಸೂಚನೆಯನ್ನೂ ಎದ್ದು ನಿಂತು ಓದುವವರು ಪುಟದ ನೆತ್ತಿಯ ಮೇಲಿದ್ದ ತಪ್ಪನ್ನು ನೋಡಲಿಲ್ಲವೇ? ಸಂಜೆ ಕಂಪನಿಯ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟೆ.

"ಅಕ್ಕೋರ, ಖರೇ ಹೇಳ್ರಿ. ಹಾಳಿ ಚುಚ್ಚೋಕಿಂತ ಮೊದಲ ನೋಡಿದ್ರಿ ಅಲ್ರಿ?"

"ಎಂ.ಎ. ಸಾಹೇಬ್ರ," ಎಂದರು ಅವರು ಚೀಲ ಎತ್ತಿಕೊಂಡು, "ನನ್ನ ಸ್ಟಾಪ್ ಬಂತು."

ಬಸ್ಸು ಮುಂದೆ ಹೋದ ಮೇಲೆ, ಅದು ಅವರ ಸ್ಟಾಪ್ ಅಲ್ಲವೆಂದು ನನಗೆ ಹೊಳೆಯಿತು. ಗೋಕುಲ ರಸ್ತೆಯಲ್ಲಿ ನಾನು ಇಳಿಯುವವರೆಗೂ ಒಬ್ಬನೇ ನಗುತ್ತಿದ್ದೆ. ಇದು ತೀರಾ ಚೆನ್ನಾಗಿ ಹೊಂದುವುದರಿಂದ, ನಾನೇ ಹೆಣೆದದ್ದೇನೋ ಎಂಬ ಸಂಶಯವೂ ಇದೆ. ಆದರೆ ಮುಂದಿನದಕ್ಕೆ ಸಾಕ್ಷಿಗಳಿದ್ದಾರೆ.

ನಿವೃತ್ತಿಗೆ ಕೆಲವೇ ದಿನ ಇರುವಾಗ ಕೈಪಿಡಿ ಅಚ್ಚಾಗಿ ಬಂತು. ಅಕ್ಕೋರು ತಾವೇ ಪ್ರತಿ ಮಿಶನ್ನಿನ ಹತ್ತಿರ ಹೋಗಿ ಹಂಚಿದರು. ಎರಡು ದಿನ ಯಾರೂ ಏನೂ ಹೇಳಲಿಲ್ಲ. ಅಕ್ಕೋರು ಕಂಪ್ಯೂಟರಿನೊಂದಿಗೂ ಕಡಿಮೆ ಮಾತಾಡಿದರು. ಕ್ಯಾಂಟೀನಿನಲ್ಲಿ ಗಿರ್ಮಿಟ್ ಕೊಳ್ಳುವವರ ಕೈಯಲ್ಲಿನ ಕಾಗದವನ್ನು ಓರೆಗಣ್ಣಿನಿಂದ ನೋಡುತ್ತಿದ್ದರು.

ಮೂರನೆಯ ದಿನ ಗಬ್ಬೂರದ ಟರ್ನರ್ ನಮ್ಮ ಮೂಲೆಗೆ ಬಂದು ನಿಂತರು. ಅಂಗಿಯ ತೋಳು ಮಡಚಿತ್ತು. ಮುಖ ಗಂಟಿಕ್ಕಿತ್ತು. ಕೈಯಲ್ಲಿ ಕೈಪಿಡಿ, ಕಿವಿಯ ಮೇಲೆ ಪೆನ್ಸಿಲ್.

"ಏನ್ರಿ ಅಕ್ಕೋರ, ಒಂದೂ ತಪ್ಪ ಸಿಗವಲ್ದು!"

"ಹಂಗಂದ್ರ?"

"ಎರಡ ಸಲ ಓದೀನ್ರಿ, ಮೊದಲಿಂದ ಕಡೀತನಾ. ಮನ್ಯಾಗ ಹೆಂಡ್ತಿ ಕಡೆನೂ ಓದಿಸೇನಿ. ಆಕಿಗೂ ಸಿಗಲಿಲ್ಲ."

ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಎಷ್ಟ ಸಲ ಅಂದ್ರಿ?"

"ಎರಡ ಸಲ ರಿ. ಖರೇನ ಓದೀನಿ, ಬೇಕಾದ್ರ ಕೇಳ್ರಿ," ಎಂದರು ಟರ್ನರ್, ಬೈಸಿಕೊಂಡವರಂತೆ.

ಅಕ್ಕೋರು ನನ್ನ ಕಡೆ ತಿರುಗಿದರು. "ಎಂ.ಎ. ಸಾಹೇಬ್ರ, ಮುಂದ ಇನ್ನ ನೀವ ಮಾಡಾವ್ರು. ನಡುನಡುವ ಒಂದೆರಡ ತಪ್ಪ ಬಿಡ್ರಿ. ಮಂದಿ ಬ್ಯಾಸರ ಮಾಡ್ಕೊಳ್ಳಾಕತ್ತಾರ."